ಅಡುಗೆಮನೆಗೆ ಕೇಳಿಸದ ಓದು

ಮನೆಯಲ್ಲಿ ಮಗು ಸದ್ದು ಮಾಡದೆ ಇದ್ದರೆ ನಾನು ಮೊದಲು ನೋಡುವುದು ಸಕ್ಕರೆ ಡಬ್ಬಿಯನ್ನು. ಅದು ಸರಿಯಾಗಿದ್ದರೆ ಮೊಬೈಲು ಎಲ್ಲಿದೆ ಎಂದು ನೋಡುತ್ತೇನೆ. ಎರಡೂ ತಮ್ಮ ತಮ್ಮ ಜಾಗದಲ್ಲೇ ಇದ್ದರೆ ಮಗುವಿನ ಹಣೆ ಮುಟ್ಟಿ ಜ್ವರವೇ ಎಂದು ನೋಡುತ್ತೇನೆ. ಮಗು ಸುಮ್ಮನಿರುವುದಕ್ಕೆ ನಾಲ್ಕನೆಯದೊಂದು ಕಾರಣ ಇರಬಹುದು ಎಂದು ಅರವತ್ತೆಂಟು ವರ್ಷ ನನಗೆ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ನಲವತ್ತು ಮಕ್ಕಳ ಪುಸ್ತಕಗಳಿಗೆ ಬೀಗ ಹಾಕಿಸಲು ನಾನೇ ಬರೆದುಕೊಟ್ಟಾಗಿತ್ತು. ಅದನ್ನೇ ಈಗ ಹೇಳುತ್ತೇನೆ. ಬೈದುಕೊಳ್ಳುವವರು ಬೈದುಕೊಳ್ಳಿ, ಮನೆಯಲ್ಲಿ ಆಗಲೇ ಬೈದಿದ್ದಾರೆ.

ನಮ್ಮಲ್ಲಿ ಓದು ಎಂದರೆ ಕಿವಿಗೆ ಸಂಬಂಧಪಟ್ಟದ್ದು. ನನ್ನ ಮಗ ಮಹೇಶ ಚಿಕ್ಕವನಿದ್ದಾಗ ಅವನು ನಡುಮನೆಯಲ್ಲಿ ಗೋಡೆಗೊರಗಿ ಓದಬೇಕು, ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳಬೇಕು. ಅದೇ ಕ್ರಮ. ನನಗೆ ನಾಲ್ಕನೇ ಕ್ಲಾಸೂ ಪೂರ್ತಿಯಾಗಿಲ್ಲ. ಅವನು ಓದುತ್ತಿದ್ದುದು ಸರಿಯೋ ತಪ್ಪೋ ನನಗೇನು ತಿಳಿಯಬೇಕು? ಸದ್ದು ತಿಳಿಯುತ್ತಿತ್ತು. ಸದ್ದು ನಿಂತರೆ "ಯಾಕೋ ನಿಲ್ಲಿಸ್ದೆ?" ಎಂದು ಕೂಗಿದರೆ ಆಯಿತು. ಕುಕ್ಕರ್ ಇದ್ದ ಹಾಗೆ. ಕೂಗುತ್ತಿದ್ದರೆ ಒಳಗೆ ಏನೋ ಬೇಯುತ್ತಿದೆ ಎಂದು ನೆಮ್ಮದಿ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಸಂಜೆ ಏಳು ಗಂಟೆಗೆ ನಮ್ಮ ವಠಾರದ ನಡುವೆ ನಿಂತರೆ ಒಂದು ಬಾಗಿಲಿಂದ ಹದಿಮೂರರ ಮಗ್ಗಿ, ಇನ್ನೊಂದರಿಂದ ನದಿಗಳ ಹೆಸರು, ಮತ್ತೊಂದರಿಂದ ಹೃದಯದ ನಾಲ್ಕು ಕೋಣೆ ಕೇಳಿಸುತ್ತಿದ್ದವು. ಯಾವ ತಾಯಿ ಮಕ್ಕಳನ್ನು ಚೆನ್ನಾಗಿ ಬೆಳೆಸುತ್ತಿದ್ದಾಳೆ ಎಂದು ಹಾಲಿನವನೂ ಹೇಳಬಹುದಿತ್ತು.

ಆ ಮಹೇಶ ಈಗ ಬನಶಂಕರಿಯಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ವರ್ಷ ಒಂದು ದಿನ ಊಟಕ್ಕೆ ಕೂತವನು ಏನೋ ನೆನೆಸಿಕೊಂಡು ನಕ್ಕ. "ಅಮ್ಮ, ಏಳನೇ ಕ್ಲಾಸಲ್ಲಿ ಒಂದು ತಿಂಗಳು ಒಂದೇ ಪಾಠ ಕೂಗ್ತಿದ್ದೆ ಕಣಮ್ಮ. ಬಾಯಿ ಅದರ ಪಾಡಿಗೆ ಓದ್ತಿತ್ತು, ಕೈ ನೋಟ್ಸಿನ ಹಿಂದೆ ಕ್ರಿಕೆಟ್ ಆಡೋರ ಚಿತ್ರ ಬರೀತಿತ್ತು. ನೀನು ಒಂದಿನಾನೂ ಹಿಡೀಲಿಲ್ಲ." ಸೊಸೆ ರೂಪಾ ನಕ್ಕಳು. ನಾನು ನಗಲಿಲ್ಲ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ಆಯಿತು ಹೋಗಲಿ, ಹಳೆಯ ಮಾತು ಎಂದುಕೊಂಡೆ. ಅಲ್ಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಯಾಕೆ ಬರಲಿಲ್ಲ ಎಂದರೆ, ನಾನು ಹುಟ್ಟಿದ ಕಡೆ ಓದು ಯಾವತ್ತೂ ಒಬ್ಬರ ಸ್ವತ್ತಾಗಿರಲಿಲ್ಲ. ತಿಪಟೂರಿನ ಹತ್ತಿರದ ನಮ್ಮೂರಿಗೆ ಕಾಗದ ಬಂದರೆ ಅಂಚೆಯಣ್ಣನೇ ಜಗಲಿಯ ಮೇಲೆ ಕೂತು ಓದಿ ಹೇಳಬೇಕು. ದಾರಿಯಲ್ಲಿ ಹೋಗುವವರು ನಿಂತು ಕೇಳಿ, "ಅಯ್ಯೋ ಪಾಪ" ಎಂದು ಹೋಗುತ್ತಿದ್ದರು. ನಮ್ಮಕ್ಕ ಗಂಡನ ಮನೆಯಿಂದ ಅತ್ತೆಯ ಕಾಟದ ಬಗ್ಗೆ ಒಂದು ಸಲ ಬರೆದಳು. ನಮ್ಮವ್ವ ಹೊಲದಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕು ಜನ ಬಂದು ಸಮಾಧಾನ ಹೇಳಿದ್ದರು. ಆಮೇಲೆ ಅವಳು "ಎಲ್ಲರೂ ಕ್ಷೇಮ" ಎಂಬುದನ್ನು ಬಿಟ್ಟು ಬೇರೇನೂ ಬರೆಯಲಿಲ್ಲ. ಹೋಟೆಲಿನಲ್ಲಿ ಪೇಪರು ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ತೂಕಡಿಸುವುದು, ಪುಣ್ಯ ಮಾತ್ರ ಎಲ್ಲರಿಗೂ ಸಮ. ಯಾರಿಗೂ ಕೇಳಿಸದ ಹಾಗೆ ಒಬ್ಬರೇ ಒಂದು ಪುಸ್ತಕದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಅದರಲ್ಲೂ ಹೆಣ್ಣುಮಗು, ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೆ ಸೋಮಾರಿತನ ಎಂದು ಕರೆದು ಕೈಗೆ ಪೊರಕೆ ಕೊಡುತ್ತಿದ್ದರು.

ಮೊಮ್ಮಗಳು ದೀಕ್ಷಾಗೆ ಹತ್ತು ವರ್ಷ, ಐದನೇ ಕ್ಲಾಸು. ನಮ್ಮ ಮನೆ ಚಿಕ್ಕಲಸಂದ್ರ. ಶಾಲೆ ಉತ್ತರಹಳ್ಳಿ ರಸ್ತೆಯಿಂದ ಒಳಗೆ. ಮಹೇಶ ಬೆಳಿಗ್ಗೆ ಅಂಗಡಿಗೆ ಹೋದರೆ, ರೂಪಾ ಜಯನಗರದ ಆಫೀಸಿಗೆ ಹೋದರೆ, ಶಾಲೆಯ ವ್ಯವಹಾರವೆಲ್ಲ ನನ್ನ ತಲೆಗೆ. ಆ ಶಾಲೆಯಲ್ಲಿ ಹೆಡ್‌ಮಿಸ್ ಕೋಣೆಯ ಹೊರಗೆ ಒಂದು ಗಾಜಿನ ಬೀರು ಇತ್ತು, ತುಂಬ ಪುಸ್ತಕ, ಮೇಲೊಂದು ಬೀಗ. ಮಕ್ಕಳನ್ನು ಸೇರಿಸಲು ಬಂದವರ ಕಣ್ಣಿಗೆ ಬೀಳಲಿ ಎಂದು ಅಲ್ಲಿ ಇಟ್ಟಿದ್ದರು. ಮನೆಯಲ್ಲಿ ಬೆಳ್ಳಿ ತಟ್ಟೆ ಇರುತ್ತದಲ್ಲ, ಹಾಗೆ. ಇದೆ ಎಂದು ಎಲ್ಲರಿಗೂ ಗೊತ್ತು, ಅದರಲ್ಲಿ ಉಂಡವರು ಯಾರೂ ಇಲ್ಲ. ಈ ವರ್ಷ ಹೊಸದಾಗಿ ಬಂದ ಕ್ಲಾಸ್ ಟೀಚರ್ ಸಹನಾ ಮಿಸ್ ಕೀ ಕೇಳಿ ಆ ಬೀರು ತೆಗೆಸಿದರು. ಪುಸ್ತಕಗಳನ್ನು ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳಿಗೆ ಹಾಕಿ ಐದನೇ ಕ್ಲಾಸಿನ ನೆಲದ ಮೇಲೆ ಇಟ್ಟರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಓದುವ ಪೀರಿಯಡ್. ಬೇಕಾದ್ದು ತೆಗೆದುಕೊ, ಹಿಡಿಸದಿದ್ದರೆ ಅರ್ಧಕ್ಕೆ ಬಿಡು. ಪ್ರಶ್ನೆ ಕೇಳುವುದಿಲ್ಲ, ಮಾರ್ಕ್ಸ್ ಇಲ್ಲ. ಬೇಕಿದ್ದರೆ ಮನೆಗೂ ಒಯ್ಯಬಹುದು.

ದೀಕ್ಷಾ ಒಂದು ಪುಸ್ತಕ ಮನೆಗೆ ತಂದಳು. ಸಂಜೆ ಹಾಲು ಕುಡಿದವಳು ಕಾಣಿಸಲಿಲ್ಲ. ನಾನು ಸಕ್ಕರೆ ಡಬ್ಬಿ, ಮೊಬೈಲು ಎರಡನ್ನೂ ನೋಡಿ ಹುಡುಕಿದರೆ, ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದ್ದಾಳೆ.

"ಏನೇ ಇಲ್ಲಿ?"

"ಓದ್ತಿದೀನಿ ಅಜ್ಜಿ."

"ಓದೋದು ಕೇಳಿಸ್ತಾನೇ ಇಲ್ವಲ್ಲೇ."

"ಒಳಗೊಳಗೇ ಓದ್ತಿದೀನಿ."

"ಒಳಗೊಳಗೇ ಓದೋಕೆ ನೀನೇನು ಜಪ ಮಾಡ್ತಿದೀಯಾ? ಗಟ್ಟಿಯಾಗಿ ಓದು. ಅಡುಗೆಮನೆಗೆ ಕೇಳಿಸ್ಬೇಕು."

ಅವಳು ಒಂದು ಪುಟ ಓದಿದಳು, ರೈಲು ಓಡಿದ ಹಾಗೆ, ಎಲ್ಲೂ ನಿಲ್ಲದೆ. ನನಗೆ ಸಮಾಧಾನವಾಯಿತು. ಅವಳು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದಳು. ಮಾರನೆಯ ದಿನವೂ ಹೀಗೇ ಆಯಿತು. ಮೂರನೆಯ ದಿನದಿಂದ ಅವಳು ಪುಸ್ತಕ ತರುವುದನ್ನೇ ಬಿಟ್ಟಳು. ಒಂದು ಸೋಗು ಬಿಡಿಸಿದೆ ಎಂದು ನಾನು ಅಂದುಕೊಂಡೆ.

ಡಿಸೆಂಬರಿನಲ್ಲಿ ಒಂದು ದಿನ ದೀಕ್ಷಾ ಸ್ವೆಟರ್ ಮರೆತು ಹೋದಳು. ಕೊಟ್ಟು ಬರೋಣ ಎಂದು ಮಧ್ಯಾಹ್ನ ಶಾಲೆಗೆ ಹೋದೆ. ಬೇರೆ ಕ್ಲಾಸುಗಳಲ್ಲಿ ಗದ್ದಲ. ಐದನೇ ಕ್ಲಾಸಿನಲ್ಲಿ ಮಾತ್ರ ಸದ್ದೇ ಇಲ್ಲ. ಕಿಟಕಿಯಿಂದ ಇಣುಕಿದೆ. ಚಾಪೆಯ ಮೇಲೆ ಕೆಲವರು ಬೋರಲು ಮಲಗಿದ್ದಾರೆ. ಒಬ್ಬ ಗೋಡೆಗೆ ಕಾಲು ಕೊಟ್ಟುಕೊಂಡು ಅಂಗಾತ ಬಿದ್ದಿದ್ದಾನೆ. ಇಬ್ಬರು ಬೆಂಚಿನ ಕೆಳಗೆ. ಇಷ್ಟೂ ಸಾಲದು ಎಂದು ಸಹನಾ ಮಿಸ್ ಕುರ್ಚಿಯಲ್ಲಿ ಕೂತು ತಮ್ಮ ಪಾಡಿಗೆ ಒಂದು ಪುಸ್ತಕ ಓದುತ್ತಿದ್ದಾರೆ. ತಲೆ ಎತ್ತಿ ಮಕ್ಕಳ ಕಡೆ ನೋಡುವುದೂ ಇಲ್ಲ! ಹಾಲು ಒಲೆಯ ಮೇಲಿಟ್ಟು ಟಿವಿ ಮುಂದೆ ಕೂತವರನ್ನು ಕಂಡರೆ ನನಗೆ ಹೇಗೆ ಆಗುತ್ತದೋ ಹಾಗಾಯಿತು.

ಕಿಟಕಿಯಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಒಳಗೆ ಹೋಗಿ ಕೇಳಬಹುದಿತ್ತು. ನಾನು ನೇರ ಹೆಡ್‌ಮಿಸ್ ಕೋಣೆಗೆ ಹೋದೆ.

"ಮೇಡಂ, ಐದನೇ ಕ್ಲಾಸಲ್ಲಿ ಮಕ್ಕಳನ್ನ ಮಲಗ್ಸಿ ಆ ಮಿಸ್ಸು ಕತೆ ಪುಸ್ತಕ ಓದ್ತಾ ಕೂತಿದಾರೆ. ಶಾಲೆನೋ ಅಥವಾ ರೈಲ್ವೆ ಸ್ಟೇಷನ್ನೋ?"

ಹೆಡ್‌ಮಿಸ್ ನನಗೆ ಕುರ್ಚಿ ಕೊಟ್ಟರು. ಐದು ವರ್ಷದಿಂದ ಆ ಕೋಣೆಗೆ ಹೋಗಿ ಬರುತ್ತಿದ್ದೇನೆ, ಒಂದು ದಿನವೂ ಕೂರಿ ಎಂದವರಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. "ಅಜ್ಜಿ, ನೀವು ಹೇಳಿದ್ದು ಸರಿಯಾಗಿದೆ. ಇದನ್ನೇ ಸ್ವಲ್ಪ ಬರೆದು ಕೊಡಿ," ಎಂದು ಹಾಳೆ, ಪೆನ್ನು ಮುಂದಿಟ್ಟರು. ನನ್ನಂಥವಳನ್ನು ಯಾರು ಬರೆದು ಕೊಡಿ ಎನ್ನುತ್ತಾರೆ? ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತು ಎನ್ನುತ್ತಾರೆ. ನಾನು ಉಬ್ಬಿ ಹೋದೆ. ಒಂದೊಂದೇ ಅಕ್ಷರ ಕೂಡಿಸಿ ಮುಕ್ಕಾಲು ಪುಟ ಬರೆದೆ. ಕೆಳಗೆ ಸಹಿ, ತಾರೀಖು. ಬರುವಾಗ ಸ್ವೆಟರ್ ಅವರ ಮೇಜಿನ ಮೇಲೇ ಮರೆತು ಬಂದೆ.

ಒಂದು ವಾರಕ್ಕೆ ದೀಕ್ಷಾಳ ಡೈರಿಯಲ್ಲಿ ಒಂದು ಚೀಟಿ ಅಂಟಿಕೊಂಡು ಬಂತು. ಪೋಷಕರ ಕೋರಿಕೆಯ ಮೇರೆಗೆ ಸಂಕ್ರಾಂತಿ ರಜೆಯ ನಂತರ ಓದುವ ಪೀರಿಯಡ್ ಇರುವುದಿಲ್ಲ, ಆ ಹೊತ್ತಿಗೆ ದಿನಾ ಗಣಿತ ಟೆಸ್ಟ್, ಪುಸ್ತಕಗಳನ್ನು ಬೀರುವಿಗೆ ಹಿಂತಿರುಗಿಸಲಾಗುವುದು.

ಆಗ ಅವರೆಕಾಯಿ ಕಾಲ. ನಾನು ಹಾಲ್‌ನಲ್ಲಿ ಪೇಪರು ಹರಡಿ ಎರಡು ಕೇಜಿ ಸುಲಿಯುತ್ತ ಕೂತಿದ್ದೆ. ಅವಳೂ ಬಂದು ಎದುರಿಗೆ ಕೂತಳು. ಒಂದು ಹಿಡಿ ಕಾಯಿ ತನ್ನ ಮುಂದಕ್ಕೆ ಎಳೆದುಕೊಂಡಳು.

"ಅಜ್ಜಿ, ಪೋಷಕರು ಅಂದ್ರೆ ಯಾರು?"

"ಯಾರೋ ಒಬ್ರು ಇರ್ತಾರೆ. ನೀನು ಸುಲಿ."

"ಯಾರೋ ಒಬ್ರು ಹೇಳಿದ್ರೆ ನಮ್ಮೆಲ್ಲರದ್ದೂ ಯಾಕೆ ನಿಲ್ಲಿಸ್ಬೇಕು? ನಂದು ಇನ್ನೂ ಅರ್ಧ ಪುಸ್ತಕ ಇದೆ. ರಜೆ ಬರೋದ್ರೊಳಗೆ ಆಗಲ್ಲ. ಲೆಕ್ಕ ಹಾಕ್ದೆ."

"ಮನೆಗೆ ತಗೊಂಡು ಬಾ."

"ಮನೇಲಿ ನೀನು ಕೂಗು ಅಂತೀಯ. ಕೂಗಿದ್ರೆ ನಂಗೆ ಕತೆ ಕಾಣಿಸಲ್ಲ."

ಸುಮ್ಮನೆ ಬಾಯಿಗೆ ಬಂತು ಎಂದು "ಏನಿದೆ ಅದ್ರಲ್ಲಿ ಅಂಥದ್ದು?" ಎಂದೆ. ಕೇಳಿದ್ದೇ ತಡ, ಅವಳು ಶುರು ಮಾಡಿದಳು. ಒಂದು ದ್ವೀಪ, ಅಲ್ಲಿ ದೀಪದ ಗೋಪುರ ಕಾಯುವವಳ ಮಗಳು, ತಾಯಿಗೆ ಕಣ್ಣು ಮಂಜಾಗಿದೆ, ಆದರೆ ಕೆಲಸ ಹೋಗುತ್ತದೆಂದು ಇಬ್ಬರೂ ಯಾರಿಗೂ ಹೇಳಿಲ್ಲ. ಮಗಳೇ ದೀಪ ಹಚ್ಚುತ್ತಾಳೆ. ಈಗ ತನಿಖೆಗೆ ದೋಣಿಯಲ್ಲಿ ಸಾಹೇಬರು ಬರುತ್ತಿದ್ದಾರೆ. ಅವಳು ಅವರೆಕಾಯಿ ಕೈಯಲ್ಲೇ ಹಿಡಿದು, ದೋಣಿ ಹೇಗೆ ಹೊಯ್ದಾಡಿತು ಎಂದು ತೋರಿಸಿದಳು. ತಾಯಿ ಮೆಟ್ಟಿಲು ಎಣಿಸಿಕೊಂಡು ಹತ್ತುವುದನ್ನು ಎದ್ದು ನಿಂತು ಮಾಡಿ ತೋರಿಸಿದಳು. ನಾನು "ಆಮೇಲೆ?" ಎಂದೆ. "ಅಲ್ಲಿಗೇ ಬೆಲ್ ಹೊಡೀತು," ಎಂದಳು.

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಒಂದು ತಿಂಗಳು ಒಂದೇ ಪಾಠ ಕೂಗಿದವನ ತಾಯಿ ನಾನು. ಕೂಗಿದ ಪಾಠದಲ್ಲಿ ಏನಿತ್ತು ಎಂದು ಅವನು ಒಂದು ದಿನವೂ ಹೀಗೆ ಎದ್ದು ನಿಂತು ಹೇಳಿದವನಲ್ಲ. ನಾನೂ ಕೇಳಿದವಳಲ್ಲ. ಆ ಕಿಟಕಿಯಾಚೆ ಮಲಗಿದ್ದಾವೆ ಎಂದು ನಾನು ಬರೆದುಕೊಟ್ಟ ನಲವತ್ತು ಮಕ್ಕಳೂ ಹೀಗೆ ಯಾವ್ಯಾವುದೋ ದ್ವೀಪದಲ್ಲಿದ್ದವು.

ಮುಚ್ಚಿಡುವುದು ನನಗೆ ಬರುವುದಿಲ್ಲ. "ಆ ಪೋಷಕರು ನಾನೇ ಕಣೇ," ಎಂದೆ.

ಅವಳು ಅಳಲಿಲ್ಲ, ಕಿರುಚಲಿಲ್ಲ. ತೊಡೆಯ ಮೇಲಿನ ಸಿಪ್ಪೆ ಕೊಡವಿ ಎದ್ದು ಹೋದಳು. ಆಮೇಲೆ ಮೂರು ದಿನ ನನ್ನ ಜೊತೆ ಮಾತು ಅವಳಮ್ಮನ ಮೂಲಕ. ನಾನು ಎದುರಿಗೇ ನಿಂತಿದ್ದರೂ "ಅಮ್ಮಾ, ನಿಮ್ಮತ್ತೇನ ಕೇಳು, ನನ್ನ ಸಾಕ್ಸ್ ಎಲ್ಲಿ ಅಂತ." ರೂಪಾ ಮೊದಲ ದಿನ ನಕ್ಕಳು, ಎರಡನೆಯ ದಿನ ಅಡುಗೆಮನೆಗೆ ಬಂದು ಮೆಲ್ಲಗೆ, "ಅತ್ತೆ, ಬರೆದು ಕೊಡೋಕೆ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಳು. ಸೊಸೆ ಕೂಗಾಡಿದರೆ ಉತ್ತರ ಕೊಡಬಹುದು. ಮೆಲ್ಲಗೆ ಕೇಳಿದರೆ ಕಷ್ಟ. ಆ ಮೂರು ದಿನ ಹಿತಕಿದ ಬೇಳೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೇ ತಿಳಿಯಲಿಲ್ಲ.

ನಾಲ್ಕನೆಯ ದಿನ ಶಾಲೆಗೆ ಹೋಗಿ ಹೆಡ್‌ಮಿಸ್ ಮುಂದೆ ನಿಂತೆ. ಈ ಸಲ ಕುರ್ಚಿ ಇಲ್ಲ.

"ಮೇಡಂ, ಆ ಕಾಗದ ವಾಪಸ್ ಕೊಡಿ. ನಾನು ತಪ್ಪು ನೋಡ್ದೆ, ತಪ್ಪು ಬರೆದೆ."

"ಅದು ಸೆಕ್ರೆಟರಿ ಸಾರ್ ಫೈಲಿಗೆ ಹೋಗಿದೆ ಅಜ್ಜಿ. ಬೇಕು ಅಂದಾಗ ಕೊಟ್ಟು, ಬೇಡ ಅಂದಾಗ ತಗೊಳ್ಳೋಕೆ ಆಗತ್ತಾ? ಗುರುವಾರ ಅವರೇ ಬಂದು ಕ್ಲಾಸ್ ನೋಡ್ತಾರಂತೆ. ಹೇಳೋದಿದ್ರೆ ಅವರಿಗೇ ಹೇಳಿ."

ಹೆಡ್‌ಮಿಸ್ ಕೆಟ್ಟವರು ಎಂದು ಹೇಳಿದರೆ ನನಗೆ ಸುಲಭ. ಆದರೆ ಅವರೇ ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: "ಪಕ್ಕದ ರೋಡಿನ ಸ್ಕೂಲಲ್ಲಿ ವಾರಕ್ಕೆ ಆರು ಟೆಸ್ಟ್. ಇಲ್ಲಿ ಯಾಕಿಲ್ಲ ಅಂತ ದಿನಾ ಒಬ್ರು ಬಂದು ಕೇಳ್ತಾರೆ. ಮಕ್ಕಳು ಸುಮ್ನೆ ಕೂತು ಓದ್ತಾರೆ ಅಂತ ನಾನು ಯಾರಿಗೆ ಅಂತ ತೋರಿಸ್ಲಿ? ಹೇಳಿ." ಮಾರ್ಕೆಟ್ಟಿನಲ್ಲಿ ಮಾವಿನ ಹಣ್ಣನ್ನು ಬಂದವರೆಲ್ಲ ಹಿಸುಕಿ ಹಿಸುಕಿ ನೋಡುತ್ತಾರೆ, ಕೊನೆಗೆ ಅದು ಹಣ್ಣಾಗುವುದಿಲ್ಲ, ಕೊಳೆಯುತ್ತದೆ. ಹಿಸುಕುವವರಲ್ಲಿ ನಾನೂ ಒಬ್ಬಳಾಗಿದ್ದೆನಲ್ಲ.

ಹೊರಗೆ ಬಂದರೆ ವರಾಂಡದಲ್ಲಿ ಸಹನಾ ಮಿಸ್. ಅವರಿಗೂ ಹೇಳಿಬಿಟ್ಟೆ. ಚಿಕ್ಕ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. "ಪರವಾಗಿಲ್ಲ ಬಿಡಿ ಅಜ್ಜಿ" ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ಒಳಗೆ ಬಂದು ಐದು ನಿಮಿಷ ಕೂತಿದ್ರೆ ಸಾಕಿತ್ತು ಅಜ್ಜಿ. ಕಿಟಕಿಯಿಂದ ನೋಡಿ ಹೋಗಿಬಿಟ್ರಿ."

"ಆಯ್ತಮ್ಮ, ಬೈಯಿ. ಈಗ ಏನ್ ಮಾಡೋದು ಹೇಳು. ಗುರುವಾರಕ್ಕೆ ನಾಲ್ಕು ಮಕ್ಕಳನ್ನ ತಯಾರು ಮಾಡು. ಸಾಹೇಬ್ರು ಬಂದ್ ತಕ್ಷಣ ಎದ್ದು ಓದಿದ ಕತೆ ಪಟಪಟ ಅಂತ ಒಪ್ಪಿಸ್ಲಿ. ಬಾಯಿ ಮುಚ್ಕೊಂಡು ಹೋಗ್ತಾರೆ."

"ಒಪ್ಪಿಸ್ಬೇಕಾಗತ್ತೆ ಅಂತ ಗೊತ್ತಾದ್ರೆ ಮಕ್ಕಳು ಸಣ್ಣ ಪುಸ್ತಕ ಹುಡುಕ್ತಾರೆ. ಮೊದಲ ಪುಟ, ಕೊನೆ ಪುಟ ಓದ್ತಾರೆ. ನಾನೂ ಸ್ಕೂಲಲ್ಲಿ ಹಾಗೇ ಮಾಡಿದ್ದು," ಎಂದರು. "ತಯಾರಿ ಮಾಡಲ್ಲ ಅಜ್ಜಿ. ಹೋದ್ರೆ ಹೋಗ್ಲಿ."

ನನಗೆ ಸಿಟ್ಟು ಬಂತು. ಇಷ್ಟು ಹಟ ಯಾಕೆ? ಸಾಹೇಬರು ಬರುವಾಗ ಎಲ್ಲರೂ ಸ್ವಲ್ಪ ಬಣ್ಣ ಹೊಡೆಯುತ್ತಾರೆ, ನನ್ನ ಮಗನ ಅಂಗಡಿ ನಡೆಯುವುದೇ ಅದರಿಂದ. ಮನೆಗೆ ಬಂದು ಯೋಚಿಸಿದ ಮೇಲೆ ಸಿಟ್ಟು ಇಳಿಯಿತು, ಹೆದರಿಕೆ ಉಳಿಯಿತು.

ಗುರುವಾರ ಮಧ್ಯಾಹ್ನ ನಾನು ಮೊದಲೇ ಹೋಗಿ ವರಾಂಡದಲ್ಲಿ ಕಾದಿದ್ದೆ, ಆಡಳಿತ ಮಂಡಳಿಯ ಸೆಕ್ರೆಟರಿ ಬಂದರು. ದಪ್ಪ ಮೀಸೆ, ಹಣೆಗೆ ವಿಭೂತಿ, ಕೈಯಲ್ಲಿ ಫೈಲು. ಅದರೊಳಗೆ ನನ್ನ ಮುಕ್ಕಾಲು ಪುಟ. "ದೂರು ಕೊಟ್ಟ ಅಜ್ಜಿ ನೀವೇನಾ? ಬನ್ನಿ," ಎಂದರು. ನನಗೆ ಮಾತಾಡಲು ಸಂದು ಸಿಗಲಿಲ್ಲ. ಅವರು ಮುಂದೆ, ಹೆಡ್‌ಮಿಸ್ ಹಿಂದೆ, ಕೊನೆಯಲ್ಲಿ ನಾನು.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆ, ಬಹುಶಃ ಎಲ್ಲ ಶಾಲೆಯಲ್ಲೂ ಇದೆ. ದೊಡ್ಡವರು ಯಾರೇ ಬಾಗಿಲಿಗೆ ಬಂದರೂ ಇಡೀ ಕ್ಲಾಸು ಧಡಕ್ಕನೆ ಎದ್ದು "ಗುಡ್ ಆಫ್ಟರ್‌ನೂಊಊನ್ ಸಾಆಆರ್" ಎಂದು ರಾಗವಾಗಿ ಹಾಡಬೇಕು. ನೀರಿನ ಕ್ಯಾನ್ ತರುವವನಿಗೂ ಒಂದು ಸಲ ಹಾಡಿದ್ದಾರಂತೆ. ಹೆಡ್‌ಮಿಸ್‌ಗೆ ಅದರ ಬಗ್ಗೆ ಬಹಳ ಹೆಮ್ಮೆ.

ಬಾಗಿಲು ಕಿರ್ ಎಂದು ತೆರೆಯಿತು. ಒಬ್ಬರೂ ಏಳಲಿಲ್ಲ.

ಚಾಪೆಯ ಮೇಲಿದ್ದವರು ಚಾಪೆಯ ಮೇಲೇ, ಬೆಂಚಿನ ಕೆಳಗಿದ್ದವರು ಕೆಳಗೇ. ಬಾಗಿಲ ಬಳಿಯ ಒಬ್ಬಳು ಸೆಕ್ರೆಟರಿಯ ಪ್ಯಾಂಟನ್ನು ಒಂದು ಸಲ ನೋಡಿದಳು, ಪುಟ ತಿರುಗಿಸಿದಳು. ಸಹನಾ ಮಿಸ್ ಮಾತ್ರ ಎದ್ದು ನಿಂತರು. ಮುಖದಲ್ಲಿ ರಕ್ತವಿಲ್ಲ. ಮಕ್ಕಳಿಗೆ ಏಳಿ ಎಂದು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಮಾಡಲಿಲ್ಲ.

"ಏನ್ ಮೇಡಂ ಇದು? ದೊಡ್ಡೋರು ಬಂದ್ರೆ ಏಳ್ಬೇಕು ಅನ್ನೋಷ್ಟೂ ಶಿಸ್ತಿಲ್ವಾ?" ಎಂದರು ಸೆಕ್ರೆಟರಿ.

ಹೆಡ್‌ಮಿಸ್ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಆ ಚಪ್ಪಾಳೆ ಬಿದ್ದರೆ ಮುಗಿಯಿತು ಎಂದು ನನಗೆ ಅನ್ನಿಸಿತು. ಅವರ ಮಣಿಕಟ್ಟು ಹಿಡಿದುಕೊಂಡೆ. ಯಾರ ಮೈ ಮುಟ್ಟಿದೆ, ಏನು ಮಾಡಿದೆ ಎಂಬ ಎಚ್ಚರವೂ ಇರಲಿಲ್ಲ.

"ಸಾರ್, ಒಂದು ಮಾತು. ದೂರು ಕೊಟ್ಟೋಳು ನಾನೇ, ಅದಕ್ಕೇ ಹೇಳ್ತೀನಿ. ಇವು ಓದೋ ನಾಟಕ ಮಾಡ್ತಿದ್ರೆ ನಿಮ್ಮ ಕಾಲ್ ಸದ್ದಿಗೇ ಎದ್ದು ನಿಲ್ಲೋವು. ನನ್ನ ಮಗ ಮೂರು ಮನೆಗೆ ಕೇಳೋ ಹಂಗೆ ಓದ್ತಿದ್ದ ಸಾರ್. ಐಸ್‌ಕ್ಯಾಂಡಿ ಗಾಡಿ ಗಂಟೆ ಕೇಳಿದ್ರೆ ಪುಸ್ತಕ ಅಲ್ಲೇ ಬಿಸಾಕಿ ಓಡೋನು. ಇವು ನಿಮ್ಮಂಥೋರು ಬಂದು ನಿಂತ್ರೂ ನೋಡ್ತಿಲ್ಲ."

ಸೆಕ್ರೆಟರಿ ನನ್ನನ್ನು ನೋಡಿದರು. ನಂಬಿದ ಮುಖ ಅದಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹತ್ತಿರದ ಚಾಪೆಯ ಕಡೆ ಬಗ್ಗಿ, "ಏಯ್ ಪುಟ್ಟಿ, ಏನ್ ಓದ್ತಿದೀಯ?" ಎಂದರು.

ಬಗ್ಗಿದ್ದು ದೀಕ್ಷಾಳ ಕಡೆಗೆ. ಅವಳು ತಲೆ ಎತ್ತಲಿಲ್ಲ. ಒಂದು ಬೆರಳು ಎತ್ತಿ, "ಒಂದ್ನಿಮ್ಷ," ಎಂದಳು.

ಸೆಕ್ರೆಟರಿಗೆ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೆಡ್‌ಮಿಸ್ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆ ದೊಡ್ಡ ಮನುಷ್ಯರು ಮಾತ್ರ ಬಗ್ಗಿದವರು ಬಗ್ಗಿಯೇ ಇದ್ದರು, ಮಂಡಿಯ ಮೇಲೆ ಕೈಯಿಟ್ಟು. ಅವಳ ಕಣ್ಣು ಸಾಲಿಂದ ಸಾಲಿಗೆ ಇಳಿಯುತ್ತಿತ್ತು. ಒಂದು ಪುಟ ಮುಗಿಯಲು ಎಷ್ಟು ಹೊತ್ತು ಬೇಕು ಎಂದು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಪುಟ ಮುಗಿಯಿತು. ಅವಳು ತಲೆ ಎತ್ತಿದಳು, ಮೀಸೆ ಕಂಡಳು, ಗಾಬರಿಯಾಗಿ ಎದ್ದಳು. ಪುಸ್ತಕ ಕೆಳಗೆ ಬಿತ್ತು. ಆ ಸದ್ದಿಗೆ ಕ್ಲಾಸೆಲ್ಲ ಎಚ್ಚರವಾಗಿ, ಬೆಂಚಿನ ಕೆಳಗಿನವರು ತಲೆ ಬಡಿಸಿಕೊಂಡು, ನಲವತ್ತು ಜನ ಎದ್ದು ಹಾಡಿದರು: "ಗುಡ್ ಆಫ್ಟರ್‌ನೂಊಊನ್ ಸಾಆಆರ್!"

ಹೆಡ್‌ಮಿಸ್ ಮುಖಕ್ಕೆ ಬಣ್ಣ ಬಂತು. ಸೆಕ್ರೆಟರಿಗೆ ಯಾಕೋ ಅದು ಹಿಡಿಸಲಿಲ್ಲ. ಮಲಗಿದ್ದ ಕೂಸನ್ನು ಎಬ್ಬಿಸಿಬಿಟ್ಟ ನೆಂಟರ ಹಾಗೆ ನಿಂತು, "ಕೂತ್ಕೊಳ್ರಪ್ಪ, ಕೂತ್ಕೊಳ್ಳಿ, ನೀವು ಓದಿ," ಎಂದರು. ಕೂತರು. ಆದರೆ ಮತ್ತೆ ಆ ಮೊದಲಿನ ಹಾಗೆ ಆಗಲಿಲ್ಲ. ಒಬ್ಬ ಪೆನ್ಸಿಲ್ ಕೆತ್ತಿದ, ಒಬ್ಬಳು ನೀರು ಕುಡಿದಳು, ಎಲ್ಲರೂ ಪುಸ್ತಕದ ಅಂಚಿನಿಂದ ಸಾಹೇಬರನ್ನೇ ನೋಡುತ್ತಿದ್ದರು. ಅವರು ಅದನ್ನು ನೋಡುತ್ತ ಎರಡು ನಿಮಿಷ ನಿಂತು ಹೊರಗೆ ಬಂದರು.

ಸೆಕ್ರೆಟರಿ ಬದಲಾಗಿಬಿಟ್ಟರು ಎಂದೇನೂ ಅಲ್ಲ. ಕೋಣೆಯಲ್ಲಿ ಕೂತು ಲೆಕ್ಕಾಚಾರವಾಗಿಯೇ ಹೇಳಿದರು. ವಾರದಲ್ಲಿ ಎರಡು ದಿನ ಗಣಿತ ಟೆಸ್ಟ್ ಆಗಲೇಬೇಕು. ಮೂರು ದಿನ ಓದು ಇರಲಿ, ಮಾರ್ಚ್‌ವರೆಗೆ. ಕ್ರೇಟುಗಳು ಅಲ್ಲಿಯೇ ಇರಲಿ. "ಆದ್ರೆ ಒಂದು ಕಂಡೀಷನ್. ವಾರಕ್ಕೊಂದು ದಿನ ಪೋಷಕರೊಬ್ರು ಒಳಗೆ ಕೂತು ನೋಡಿ ವರದಿ ಬರೆದು ಕೊಡ್ಬೇಕು. ಯಾರು ಓದ್ತಾರೆ, ಯಾರು ನಿದ್ದೆ ಹೊಡೀತಾರೆ ಅಂತ." ಫೈಲು ತೆರೆದು ನನ್ನ ಕಾಗದದ ಮೇಲೆ ಬೆರಳಿಟ್ಟರು. "ಈ ಅಜ್ಜಿನೇ ಕೂರ್ಲಿ. ಇವರಿಗೆ ಬರೆಯೋ ಉತ್ಸಾಹ ಚೆನ್ನಾಗಿದೆ."

ಸಂಜೆ ದೀಕ್ಷಾ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಅಜ್ಜಿ, ಸಾಹೇಬ್ರು ದೀಪ ನೋಡಿ ಏನಂದ್ರು ಗೊತ್ತಾ?" ಎಂದಳು. ನೇರವಾಗಿ ನನಗೇ. ಯಾವ ಸಾಹೇಬರು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ದ್ವೀಪದ ಸಾಹೇಬರು. ಇಲ್ಲಿಯವರ ವಿಷಯ ಅವಳು ಆಗಲೇ ಮರೆತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ನಾನು ಐದನೇ ಕ್ಲಾಸಿನಲ್ಲಿ. ಮೊದಲ ದಿನ ಹಾಳೆ, ಪೆನ್ನು ಹಿಡಿದು, ಎಲ್ಲರೂ ಕಾಣುವ ಹಾಗೆ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಸಹನಾ ಮಿಸ್ ಬಂದು ಕ್ರೇಟನ್ನು ನನ್ನ ಕಾಲ ಬಳಿಗೆ ತಳ್ಳಿದರು.

"ಅಜ್ಜಿ, ಈ ರೂಮಲ್ಲಿ ಪುಸ್ತಕ ಇಲ್ದೆ ಯಾರೂ ಕೂರೋ ಹಾಗಿಲ್ಲ."

"ನಾನು ನೋಡೋಕೆ ಬಂದಿರೋಳಮ್ಮ."

"ನೋಡೋಕೆ ಬಂದೋರೂ ಅಷ್ಟೇ."

ತೆಳುವಾದದ್ದು ಒಂದು ಹುಡುಕಿದೆ, ದಪ್ಪ ಅಕ್ಷರದ್ದು. ಯಾರೋ ಒಬ್ಬಳು ಗಂಡನ ಮನೆಯಿಂದ ಕತ್ತೆಯ ಮೇಲೆ ಕೂತು ಹೊರಡುತ್ತಾಳೆ, ಒಲೆಯ ಮೇಲೆ ಅನ್ನ ಹಾಗೇ ಬಿಟ್ಟು. ನನಗೆ ಆ ಅನ್ನದ ಚಿಂತೆ ಹಿಡಿಯಿತು. ತುಟಿ ಆಡಿಸದೆ ನನಗೆ ಓದಲು ಬರುವುದಿಲ್ಲ, ಪಕ್ಕದ ಚಾಪೆಯ ಹುಡುಗಿ ಎರಡು ಸಲ ತಿರುಗಿ ನೋಡಿ, "ಅಜ್ಜಿ, ಮೆಲ್ಲಗೆ. ನಂಗೆ ಕೇಳಿಸ್ತಿದೆ," ಎಂದಳು. ಸರಿ ಎಂದು ತುಟಿ ಬಿಗಿಹಿಡಿದೆ.

ನಾಲ್ಕು ಗುರುವಾರ ಕಳೆದಿವೆ. ಕತ್ತೆ ಈಗ ಘಾಟಿ ಹತ್ತುತ್ತಿದೆ. ಪೀರಿಯಡ್ ಮುಗಿದು ಹೊರಗೆ ಬಂದರೆ ಹೆಡ್‌ಮಿಸ್ ಬಾಗಿಲಲ್ಲೇ ನಿಂತು, "ಅಜ್ಜಿ, ವರದಿ? ಇವತ್ತು ಯಾರು ಓದಿದ್ರು, ಯಾರು ಓದ್ಲಿಲ್ಲ?" ಎಂದು ಕೇಳುತ್ತಾರೆ. ಹಾಳೆ ಖಾಲಿ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಇರುವುದನ್ನೇ ಹೇಳುತ್ತೇನೆ: ಗೊತ್ತಿಲ್ಲ ಮೇಡಂ, ನಾನು ನೋಡಲಿಲ್ಲ.